ಹ್ಯಾಮ್ ರೇಡಿಯೊ ಮೆಶ್ ಜಾಲ: ಮೊದಲ ಲಿಂಕ್‌ನಿಂದ ಮೂರನೆಯ ನೋಡ್‌ವರೆಗೆ

ಮೊಬೈಲ್ ಟವರ್‌ಗಳು ಸ್ತಬ್ಧವಾಗಿ, ಫೈಬರ್ ತುಂಡಾಗಿ ಹೋದ ಹೊತ್ತಿನಲ್ಲೂ ಎರಡು ಪರಿಹಾರ ಶಿಬಿರಗಳ ನಡುವೆ ಫೋನ್ ಕರೆ, ಪಟ್ಟಿಗಳು, ಕ್ಯಾಮೆರಾ ಚಿತ್ರ ಹರಿಯುವಂತೆ ಮಾಡಬಹುದು. ವಾಕಿಟಾಕಿಯಲ್ಲಿ ಹೆಸರುಗಳನ್ನು ಒಂದೊಂದಾಗಿ ಓದಿ ಬರೆಸಿಕೊಳ್ಳುವ ಬದಲು ಇಡೀ ಪಟ್ಟಿಯನ್ನೇ ಕ್ಷಣದಲ್ಲಿ ಕಳಿಸಬಹುದು. ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊ ಬಳಕೆದಾರರು, ಕಟ್ಟಿಕೊಳ್ಳುವ ಮೆಶ್ ಜಾಲದ ಕೆಲಸವೇ ಇದು. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಹ್ಯಾಮ್‌ಗಳು ಬೆಳೆಸಿದ ಎಆರ್‌ಇಡಿಎನ್, ಅಂದರೆ ಅಮೆಚೂರ್ ರೇಡಿಯೊ ಎಮರ್ಜೆನ್ಸಿ ಡೇಟಾ ನೆಟ್‌ವರ್ಕ್. ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟಗಳ ಮೇಲೆ ಇದರ ನೋಡ್‌ಗಳು, ಅಂದರೆ ಜಾಲದ ಕೊಂಡಿಗಳಾದ ರೇಡಿಯೊ ಪೆಟ್ಟಿಗೆಗಳು, ದೊಡ್ಡ ಸಂಖ್ಯೆಯಲ್ಲಿವೆ. ಇದಕ್ಕೂ ಮೊದಲು ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್‌ಗಳ ಮೇಲೆ ಓಡುತ್ತಿದ್ದ ಬ್ರಾಡ್‌ಬ್ಯಾಂಡ್ ಹ್ಯಾಮ್‌ನೆಟ್ ಇತ್ತು. ಅದರಿಂದಲೇ ಇದು ಕವಲೊಡೆದು ಬಂತು.

ಒಂದು ಮಾತನ್ನು ಮೊದಲೇ ಹೇಳಬೇಕು. ಮೆಶ್ ಅಂದರೆ ಪೆಟ್ಟಿಗೆಗಳನ್ನು ಅಲ್ಲಲ್ಲಿ ಇಟ್ಟರೆ ತಾನಾಗಿ ಎಲ್ಲವೂ ಸೇರಿಕೊಳ್ಳುತ್ತದೆ ಎಂಬ ನಂಬಿಕೆ ಹೊಸಬರಲ್ಲಿ ಬಲವಾಗಿರುತ್ತದೆ. ಇರುವ ಲಿಂಕ್‌ಗಳಲ್ಲಿ ಒಳ್ಳೆಯದನ್ನು ಆರಿಸುವುದಷ್ಟೇ ತಂತ್ರಾಂಶದ ಕೆಲಸ. ಲಿಂಕ್ ಹುಟ್ಟುವುದು ಆಂಟೆನಾದ ಎತ್ತರ, ನೇರ ನೋಟ, ಗುರಿ ಈ ಮೂರರಿಂದ. ಆದ್ದರಿಂದ ಇಲ್ಲಿ ತಂತ್ರಾಂಶಕ್ಕಿಂತ ಛಾವಣಿಯ ಮೇಲಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಜಾಲ ದಾರಿ ಆರಿಸುವ ಬಗೆ

ಮನೆಯ ವೈಫೈಯಲ್ಲಿ ಒಂದು ರೂಟರ್ ಯಜಮಾನ, ಉಳಿದವೆಲ್ಲ ಅದರ ಗಿರಾಕಿಗಳು. ಮೆಶ್‌ನಲ್ಲಿ ಎಲ್ಲ ನೋಡ್‌ಗಳೂ ಸಮಾನ. ಪ್ರತಿ ನೋಡ್ ಕೆಲವು ಸೆಕೆಂಡಿಗೊಮ್ಮೆ ಒಂದು ಪುಟ್ಟ ಹಲೋ ಸಂದೇಶ ಬಿಡುತ್ತದೆ. ನೆರೆಯ ನೋಡ್ ಅವುಗಳಲ್ಲಿ ಎಷ್ಟು ತಲುಪಿದವು, ಎಷ್ಟು ಕಳೆದವು ಎಂದು ಲೆಕ್ಕ ಇಡುತ್ತದೆ. ನೂರರಲ್ಲಿ 80 ತಲುಪಿದರೆ ಲಿಂಕ್ ಗುಣಮಟ್ಟ ಶೇ. 80. ಪರದೆಯ ಮೇಲೆ ಇದು ಎಲ್‌ಕ್ಯೂ ಎಂದು ಕಾಣುತ್ತದೆ. ಎದುರಿನ ನೋಡ್ ನಿಮ್ಮನ್ನು ಕೇಳಿಸಿಕೊಂಡ ಪ್ರಮಾಣ ಎನ್‌ಎಲ್‌ಕ್ಯೂ.

ಇವೆರಡನ್ನೂ ಗುಣಿಸಿ, 1ನ್ನು ಅದರಿಂದ ಭಾಗಿಸಿದರೆ ಇಟಿಎಕ್ಸ್ ಸಿಗುತ್ತದೆ. ಒಂದು ಪ್ಯಾಕೆಟ್ ದಾಟಿಸಲು ಸರಾಸರಿ ಎಷ್ಟು ಬಾರಿ ಕಳಿಸಬೇಕು ಎಂಬ ಅಂದಾಜು ಅದು. ಎಲ್‌ಕ್ಯೂ 0.5, ಎನ್‌ಎಲ್‌ಕ್ಯೂ 0.6 ಇರುವ ನೇರ ಲಿಂಕಿನ ಇಟಿಎಕ್ಸ್ 3.33. ಅದೇ ಎರಡು ಊರುಗಳ ನಡುವೆ ಬೆಟ್ಟದ ನೋಡ್ ಮೂಲಕ ಹೋಗುವ ದಾರಿಯಲ್ಲಿ ಪ್ರತಿ ಲಿಂಕಿಗೂ 1.1 ಇದ್ದರೆ ಒಟ್ಟು 2.2. ಜಾಲ ಬೆಟ್ಟದ ದಾರಿಯನ್ನೇ ಹಿಡಿಯುತ್ತದೆ. ಬೆಟ್ಟದ ನೋಡ್ ಕೆಟ್ಟರೆ ಹಲೋಗಳು ನಿಲ್ಲುತ್ತವೆ, ಸ್ವಲ್ಪ ಹೊತ್ತಿನಲ್ಲಿ ನೇರ ದಾರಿಗೆ ಮರಳುತ್ತದೆ.

ಹಲವು ವರ್ಷ ಈ ಕೆಲಸವನ್ನು ಓಎಲ್‌ಎಸ್‌ಆರ್ ಎಂಬ ಪ್ರೋಟೊಕಾಲ್ ಮಾಡುತ್ತಿತ್ತು. ಹೊಸ ಫರ್ಮ್‌ವೇರ್‌ಗಳು (ಸಾಧನದೊಳಗೆ ಬರೆದಿಡುವ ತಂತ್ರಾಂಶ) ಬಾಬೆಲ್ ಎಂಬ ಇನ್ನೊಂದು ಪ್ರೋಟೊಕಾಲ್ ಕಡೆಗೆ ಹೊರಳಿವೆ. ಬಾಬೆಲ್ ಮಾತ್ರ ಅರಿಯುವ ನೋಡ್‌ಗೂ ಓಎಲ್‌ಎಸ್‌ಆರ್ ಮಾತ್ರ ಅರಿಯುವ ನೋಡ್‌ಗೂ ದಾರಿಗಳ ವಿನಿಮಯ ಆಗುವುದಿಲ್ಲ. ರೇಡಿಯೊ ಸಿಗ್ನಲ್ ಚೆನ್ನಾಗಿದ್ದೂ ಜಾಲ ಕಾಣದಿದ್ದರೆ ಮೊದಲು ಎರಡೂ ಕಡೆಯ ಫರ್ಮ್‌ವೇರ್ ಆವೃತ್ತಿ ನೋಡಿ.

ಇನ್ನೊಂದು ಮಿತಿ ಇದೆ, ಇದನ್ನು ಕಡೆಗಣಿಸಿದ ಜಾಲಗಳು ದೊಡ್ಡದಾಗುತ್ತಿದ್ದಂತೆ ತೆವಳತೊಡಗುತ್ತವೆ. ಒಂದೇ ರೇಡಿಯೊ ಒಂದೇ ಚಾನೆಲ್‌ನಲ್ಲಿ ಕೇಳಿ, ಮತ್ತೆ ಅದೇ ಚಾನೆಲ್‌ನಲ್ಲಿ ಮುಂದಕ್ಕೆ ದಾಟಿಸುವಾಗ ಗಾಳಿಯ ಸಮಯ ಎರಡು ಪಾಲಾಗುತ್ತದೆ. ಒಂದು ಜಿಗಿತಕ್ಕೆ, ಅಂದರೆ ಒಂದು ನೋಡ್‌ನಿಂದ ಮುಂದಿನದಕ್ಕೆ, 20 ಎಂಬಿಪಿಎಸ್ ಸಿಗುವ ಕಡೆ ಎರಡು ಜಿಗಿತಕ್ಕೆ ಹೆಚ್ಚೆಂದರೆ 10. ಬೆಟ್ಟದ ಮೇಲೆ ಸುತ್ತಲೂ ಹರಡುವ ಒಂದೇ ಓಮ್ನಿ ಆಂಟೆನಾ ಇಟ್ಟು ಎಲ್ಲರನ್ನೂ ಅದಕ್ಕೇ ಸೇರಿಸುವುದು ಕೆಟ್ಟ ಯೋಜನೆ. ಅದು ಎಲ್ಲ ದಿಕ್ಕಿನ ಗದ್ದಲವನ್ನೂ ಕೇಳಿಸಿಕೊಳ್ಳುತ್ತದೆ. ಕೆಳಗಿನ ಊರುಗಳ ನೋಡ್‌ಗಳಿಗೆ ಪರಸ್ಪರ ಕೇಳಿಸದ ಕಾರಣ ಒಟ್ಟಿಗೇ ಮಾತಾಡಿ ಡಿಕ್ಕಿ ಹೊಡೆಯುತ್ತವೆ.

ಬ್ಯಾಂಡ್ ಮತ್ತು ಕಾನೂನು

ಎಆರ್‌ಇಡಿಎನ್ ಫರ್ಮ್‌ವೇರ್ ಅಮೆರಿಕದ ಹ್ಯಾಮ್ ಬ್ಯಾಂಡ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಲ್ಲಿ 5 ಗಿಗಾಹರ್ಟ್ಸ್‌ನ ಹ್ಯಾಮ್ ಬ್ಯಾಂಡ್ 5650ರಿಂದ 5925 ಮೆಗಾಹರ್ಟ್ಸ್‌ವರೆಗೆ ಇದೆ, ಮೇಲ್ತುದಿಯಲ್ಲಿ ಮನೆ ವೈಫೈಯ ಕಾಟ ಕಡಿಮೆ ಎಂದು ಹಲವರು ಅಲ್ಲೇ ಬೀಡು ಬಿಡುತ್ತಾರೆ. 2.4ರಲ್ಲಿ ಮೈನಸ್ 2 ಎಂಬ ಚಾನೆಲ್ 2397 ಮೆಗಾಹರ್ಟ್ಸ್. ಇವುಗಳನ್ನು ಭಾರತದಲ್ಲಿ ಕಣ್ಣುಮುಚ್ಚಿ ನಕಲು ಮಾಡಬಾರದು. ನಮ್ಮಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವುದು 5725–5840 ಮೆಗಾಹರ್ಟ್ಸ್. ಚಾನೆಲ್ ಸಂಖ್ಯೆಯನ್ನು 5ರಿಂದ ಗುಣಿಸಿ 5000 ಕೂಡಿಸಿದರೆ ಮಧ್ಯದ ಆವರ್ತನ ಸಿಗುತ್ತದೆ: 149 ಅಂದರೆ 5745, 177 ಅಂದರೆ 5885. ಎರಡನೆಯದು ನಮ್ಮ ಬ್ಯಾಂಡಿನ ಹೊರಗೆ. 10 ಮೆಗಾಹರ್ಟ್ಸ್ ಅಗಲ ಇಟ್ಟರೆ ಎರಡೂ ಬದಿಗೆ 5 ಮೆಗಾಹರ್ಟ್ಸ್ ಚಾಚುತ್ತದೆ. ಹಾಗಾಗಿ ಮಧ್ಯದ ಆವರ್ತನ 5730ಕ್ಕಿಂತ ಕೆಳಗೆ, 5835ಕ್ಕಿಂತ ಮೇಲೆ ಹೋಗಕೂಡದು. ಫರ್ಮ್‌ವೇರ್ ನಿಮ್ಮನ್ನು ತಡೆಯುವುದಿಲ್ಲ, ಹೊಣೆ ನಿಮ್ಮದೇ. ನಿಮ್ಮ ದರ್ಜೆಗೆ ಯಾವ ಬ್ಯಾಂಡ್, ಎಷ್ಟು ಪವರ್ ಎಂಬುದನ್ನು ಲೈಸೆನ್ಸಿನ ಷರತ್ತುಗಳಲ್ಲಿ ಓದಿಕೊಂಡೇ ಡಿಶ್ ಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ಇರುವ ಕನ್ನಡಿಗ ಹ್ಯಾಮ್‌ಗಳಿಗೆ ಅಲ್ಲಿನ ಮಿತಿ.

ಹ್ಯಾಮ್ ಬ್ಯಾಂಡಿನಲ್ಲಿ ಸಂದೇಶದ ಅರ್ಥ ಮುಚ್ಚಿಡುವ ಗೂಢಲಿಪಿ ಸಲ್ಲದು. ಆದ್ದರಿಂದ ಮೆಶ್‌ನ ರೇಡಿಯೊದಲ್ಲಿ ವೈಫೈ ಪಾಸ್‌ವರ್ಡ್ ಇರುವುದಿಲ್ಲ. ವ್ಯಾಪಾರದ ವಿಷಯ ಸಲ್ಲದು, ಆಸ್ಪತ್ರೆಯ ರೋಗಿಗಳ ಗುಟ್ಟಿನ ವಿವರ ಕಳಿಸುವ ಜಾಗವೂ ಇದಲ್ಲ. ಜಾಲಕ್ಕೆ ಇಂಟರ್ನೆಟ್ ಹಂಚುವ ಆಯ್ಕೆ ಫರ್ಮ್‌ವೇರ್‌ನಲ್ಲಿ ಇದೆ, ಮೊದಲಿಗೆ ಮುಚ್ಚಿರುತ್ತದೆ, ಮುಚ್ಚಿಯೇ ಇರಲಿ.

ಹ್ಯಾಮ್ ಲೈಸೆನ್ಸ್ ಇಲ್ಲದವರಿಗೆ ಕಡಿಮೆ ಪವರ್‌ನಲ್ಲಿ ದೂರ ಮುಟ್ಟುವ ಲೋರಾ ಚಿಪ್‌ಗಳ ಮೆಶ್‌ಟಾಸ್ಟಿಕ್ ಎಂಬ ಜಾಲ ಇದೆ, ಭಾರತಕ್ಕೆ 865–867 ಮೆಗಾಹರ್ಟ್ಸ್ ಆಯ್ಕೆ ಮಾಡಬೇಕು. ಅದರ ವೇಗ ಸೆಕೆಂಡಿಗೆ ಸುಮಾರು 1 ಕಿಲೊಬಿಟ್. ಚಿಕ್ಕ ಪಠ್ಯಸಂದೇಶಕ್ಕೆ ಸಾಕು, ಫೋನ್ ಕರೆಗೆ ಸಾಲದು. ಅದರ ದಾರಿಯೇ ಬೇರೆ, ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಸಾಮಾನು

ಒಂದು 10 ಕಿಲೋಮೀಟರ್ ಲಿಂಕಿಗೆ ಬೇಕಾಗುವುದು ಇಷ್ಟು:

- ಎರಡು ಮೈಕ್ರೊಟಿಕ್ ಎಲ್‌ಎಚ್‌ಜಿ 5 ಡಿಶ್, ಪ್ರತಿಯೊಂದರ ಗೇನ್ (ಅಲೆಯನ್ನು ಒಂದೇ ಕಡೆಗೆ ಒಟ್ಟುಗೂಡಿಸುವ ಬಲ) 24.5 ಡಿಬಿಐ. ಎರಡು-ಮೂರು ಕಿಲೋಮೀಟರಿಗಾದರೆ ಯುಬಿಕ್ವಿಟಿ ನ್ಯಾನೊಸ್ಟೇಷನ್ ಎಂ5 ಸಾಕು
- ಪ್ರತಿ ಮನೆಗೆ ಒಂದು ಮೈಕ್ರೊಟಿಕ್ ಎಚ್‌ಎಪಿ ಎಸಿ ಲೈಟ್, ಒಳಗಿನ ನೋಡ್ ಆಗಿ
- ಹೊರಾಂಗಣಕ್ಕೆಂದೇ ಮಾಡಿದ, ಶೀಲ್ಡ್ ಇರುವ ಕ್ಯಾಟ್ 5ಇ ಕೇಬಲ್, ಶೀಲ್ಡ್ ಇರುವ ಕನೆಕ್ಟರ್‌ಗಳು
- 40–50 ಮಿ.ಮೀ. ಜಿಐ ಪೈಪು, ಕ್ಲಾಂಪ್, ಅರ್ಥಿಂಗ್ ತಂತಿ, ಸಿಡಿಲಿನ ಹೊಡೆತ ತಡೆಯುವ ಈಥರ್‌ನೆಟ್ ಸರ್ಜ್ ಅರೆಸ್ಟರ್

ಯಾವುದನ್ನು ಕೊಳ್ಳುವ ಮೊದಲೂ ಎಆರ್‌ಇಡಿಎನ್‌ನ ಬೆಂಬಲಿತ ಸಾಧನಗಳ ಪಟ್ಟಿಯಲ್ಲಿ ಮಾದರಿಯ ಪೂರ್ತಿ ಸಂಖ್ಯೆ ಇದೆಯೇ ನೋಡಿ. ಹೆಸರು ಒಂದೇ ಇದ್ದು ಒಳಗಿನ ಬೋರ್ಡ್ ಬೇರೆ ಇರುವ ಮಾದರಿಗಳು ಬೇಕಾದಷ್ಟಿವೆ: ನ್ಯಾನೊಸ್ಟೇಷನ್ ಎಂ5ರಲ್ಲೇ ಎಕ್ಸ್‌ಎಂ, ಎಕ್ಸ್‌ಡಬ್ಲ್ಯು ಎಂಬ ಎರಡು ಬಗೆ, ಎರಡಕ್ಕೂ ಬೇರೆ ಬೇರೆ ಫೈಲ್.

ಕೇಬಲ್ ವಿಷಯದಲ್ಲಿ ಕೈ ಬಿಗಿ ಮಾಡಬೇಡಿ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದು ಬಹುತೇಕ ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಬಳಿದದ್ದು. ಇದೇ ಕೇಬಲ್‌ನಲ್ಲಿ ಕರೆಂಟೂ ಹೋಗುವುದರಿಂದ ಅದರ ಹೆಚ್ಚಿನ ರೋಧ ನೇರವಾಗಿ ಪೆಟ್ಟು ಕೊಡುತ್ತದೆ. ಶುದ್ಧ ತಾಮ್ರದ 24 ಗೇಜ್ ತಂತಿಯಲ್ಲೇ 50 ಮೀಟರಿಗೆ ಹೋಗಿಬರುವ ರೋಧ ಸುಮಾರು 4.2 ಓಮ್. 24 ವೋಲ್ಟಿನಲ್ಲಿ 8 ವ್ಯಾಟ್ ಎಳೆದರೆ ಬರಿಯ ಒಂದೂವರೆ ವೋಲ್ಟ್ ನಷ್ಟ. ಅದೇ 8 ವ್ಯಾಟನ್ನು 12 ವೋಲ್ಟ್ ಬ್ಯಾಟರಿಯಿಂದ ನೇರ ಕೊಟ್ಟರೆ 3 ವೋಲ್ಟಿನಷ್ಟು ಬಿದ್ದು, ಮೇಲೆ ತಲುಪುವುದು 9 ಚಿಲ್ಲರೆ. ಡಿಶ್‌ಗೆ ಕನಿಷ್ಠ 10 ಬೇಕು. ಸುಮ್ಮನಿದ್ದಾಗ ಚೆನ್ನಾಗಿದ್ದು, ಡೇಟಾ ಓಡಲು ಶುರುವಾದ ಕೂಡಲೇ ನೋಡ್ ರೀಬೂಟ್ ಆಗುತ್ತಿದ್ದರೆ ಕಾರಣ ಇದೇ.

ಈ ಸಾಧನಗಳು ಬೇಡುವುದು ಪ್ಯಾಸಿವ್ ಪಿಓಇ, ಅಂದರೆ ಡೇಟಾ ಕೇಬಲ್‌ನಲ್ಲೇ ಕರೆಂಟನ್ನೂ ಕಳಿಸುವ ಸರಳ ಬಗೆ: 4, 5ನೆಯ ತಂತಿ ಪ್ಲಸ್, 7, 8 ಮೈನಸ್, 24 ವೋಲ್ಟ್. ಕಚೇರಿಯ 48 ವೋಲ್ಟ್ ಇಂಜೆಕ್ಟರ್ ಸಿಕ್ಕಿಸಿದರೆ ರೇಡಿಯೊ ಸುಟ್ಟುಹೋಗಬಹುದು.

ಲಿಂಕಿನ ಲೆಕ್ಕ

ಮೊದಲು ನಕ್ಷೆಯ ಮೇಲೆ ಎರಡು ತುದಿಗಳ ನಡುವಿನ ಭೂಮಿಯ ಏರಿಳಿತ ತೆಗೆಯಿರಿ. ಎದುರಿನ ತುದಿಯ ನೀರಿನ ಟ್ಯಾಂಕ್ ಕಣ್ಣಿಗೆ ಕಾಣುತ್ತದೆ ಎಂಬುದು ಸಾಲದು. ರೇಡಿಯೊ ಅಲೆ ತೆಳುವಾದ ಗೆರೆಯಲ್ಲಿ ಹೋಗುವುದಿಲ್ಲ. ನಡುವೆ ಉಬ್ಬಿದ ಒಂದು ಜಾಗವನ್ನು ತುಂಬಿಕೊಂಡು ಹೋಗುತ್ತದೆ, ಅದೇ ಫ್ರೆನೆಲ್ ವಲಯ. 10 ಕಿಲೋಮೀಟರಿಗೆ 5.8 ಗಿಗಾಹರ್ಟ್ಸ್‌ನಲ್ಲಿ ನಟ್ಟನಡುವೆ ಅದರ ತ್ರಿಜ್ಯ 11.4 ಮೀಟರ್. ಅದರಲ್ಲಿ ಶೇ. 60, ಅಂದರೆ 6.8 ಮೀಟರ್ ಖಾಲಿ ಇರಲೇಬೇಕು. ಭೂಮಿಯ ಬಾಗಿಗೆ ಇನ್ನು ಒಂದೂವರೆ ಮೀಟರ್ ಸೇರಿಸಿ. ದೂರ 30 ಕಿಲೋಮೀಟರ್ ಆದರೆ ಲೆಕ್ಕ ಪೂರಾ ಬದಲು: ಫ್ರೆನೆಲ್‌ಗೆ 12, ಬಾಗಿಗೆ 13, ಒಟ್ಟು 25 ಮೀಟರ್. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ನಂದಿಬೆಟ್ಟದಂಥ ಜಾಗಕ್ಕೆ ಬೆಲೆ ಬರುವುದು ಇಲ್ಲೇ. ಸುಮಾರು 900 ಮೀಟರ್ ಎತ್ತರದ ಬಯಲಿನಿಂದ ನೋಡಿದರೆ ನಡುವಿನ ಮರ, ಮಹಡಿಗಳೆಲ್ಲ ಬಹಳ ಕೆಳಗೆ ಉಳಿದುಬಿಡುತ್ತವೆ.

ಮಲೆನಾಡು, ಕರಾವಳಿಯಲ್ಲಿ ಅಡ್ಡ ಬರುವುದು ತೆಂಗು, ಅಡಿಕೆ. 5.8ರಲ್ಲಿ ಒಂದು ದಟ್ಟ ಮರವೇ 10ರಿಂದ 20 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಏರಿಳಿತದ ಅಳತೆ) ನುಂಗಬಲ್ಲದು, ಒದ್ದೆ ಎಲೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಕಟ್ಟಿದ ಲಿಂಕ್ ಜೂನ್‌ನಲ್ಲಿ ಮಲಗಿದರೆ ಮಳೆಹನಿಯನ್ನು ದೂರಬೇಡಿ. ಈ ಆವರ್ತನದಲ್ಲಿ, ಈ ದೂರಕ್ಕೆ, ಮಳೆಯ ನಷ್ಟ ಅಲ್ಪ. ಒದ್ದೆಯಾದ ಎಲೆ, ನೀರು ಹೊಕ್ಕ ಕನೆಕ್ಟರ್, ಈ ಎರಡನ್ನು ನೋಡಿ.

ಈಗ ಸಿಗ್ನಲ್. 10 ಕಿಲೋಮೀಟರಿಗೆ 5785 ಮೆಗಾಹರ್ಟ್ಸ್‌ನಲ್ಲಿ ಬಯಲಿನ ನಷ್ಟ 127.7 ಡಿಬಿ. ಪವರ್ 20 ಡಿಬಿಎಂ, ಎರಡು ಡಿಶ್‌ಗಳದ್ದು 24.5ರಂತೆ 49, ಕೂಡಿ ಕಳೆದರೆ ಎದುರಿಗೆ ಬರಬೇಕಾದದ್ದು ಸುಮಾರು ಮೈನಸ್ 59 ಡಿಬಿಎಂ. ಗದ್ದಲದ ಮಟ್ಟ ಮೈನಸ್ 95 ಇದ್ದರೆ ಎಸ್‌ಎನ್‌ಆರ್, ಅಂದರೆ ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬ ಅಳತೆ, 36 ಡಿಬಿ, ಸೊಗಸಾದ ಲಿಂಕ್. 15ಕ್ಕಿಂತ ಕೆಳಗಿಳಿದರೆ ಅದನ್ನು ಲಿಂಕ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಈ ಮೈನಸ್ 59ನ್ನು ಬರೆದಿಟ್ಟುಕೊಳ್ಳಿ, ಗುರಿ ಹಿಡಿಯುವಾಗ ಬೇಕು.

ಫರ್ಮ್‌ವೇರ್ ಹಾಕುವುದು

ಈ ಕೆಲಸವನ್ನು ಮೇಜಿನ ಮೇಲೆ ಮುಗಿಸಿ, ಛಾವಣಿಯ ಮೇಲಲ್ಲ. ಲ್ಯಾಪ್‌ಟಾಪ್‌ಗೂ ಸಾಧನಕ್ಕೂ ನಡುವೆ ಒಂದು ಸಾದಾ ಸ್ವಿಚ್ ಇಡಿ. ಸಾಧನ ರೀಬೂಟ್ ಆಗುವಾಗ ಕೇಬಲ್ ಕಡಿದಂತಾಗಿ ವಿಂಡೋಸ್ ತನ್ನ ಪೋರ್ಟನ್ನು ಮಲಗಿಸುತ್ತದೆ, ಅದು ಏಳುವಷ್ಟರಲ್ಲಿ ಸಮಯ ಮೀರಿರುತ್ತದೆ. ಸ್ವಿಚ್ ಇದ್ದರೆ ಪೋರ್ಟ್ ಎಚ್ಚರವಾಗಿಯೇ ಇರುತ್ತದೆ. ವೈಫೈ, ಫೈರ್‌ವಾಲ್ ಎರಡನ್ನೂ ಆಫ್ ಮಾಡಿ. ಲ್ಯಾಪ್‌ಟಾಪ್‌ನ ಐಪಿ 192.168.1.10, ಮಾಸ್ಕ್ 255.255.255.0.

ಮೈಕ್ರೊಟಿಕ್‌ಗೆ ಎರಡು ಹಂತ: ಕೆಳಗಿನ ಮೊದಲ ಮೂರು ಹೆಜ್ಜೆಗಳಲ್ಲಿ ಮೆಮೊರಿಗೆ ತಾತ್ಕಾಲಿಕವಾಗಿ, ನಾಲ್ಕನೆಯದರಲ್ಲಿ ಕಾಯಂ ಆಗಿ.

1. ಅದೇ ಮಾದರಿಯ ಇಎಲ್‌ಎಫ್ ಫೈಲನ್ನು ಪಟ್ಟಿಯಲ್ಲಿ ಹೇಳಿದ ಹೆಸರಿಗೆ ಬದಲಿಸಿ ಟೈನಿ ಪಿಎಕ್ಸ್‌ಇ (ಕೇಬಲ್ ಮೂಲಕ ಸಾಧನಕ್ಕೆ ಫೈಲ್ ಕೊಡುವ ಸರ್ವರ್ ತಂತ್ರಾಂಶ) ಫೋಲ್ಡರ್‌ಗೆ ಹಾಕಿ, ಸರ್ವರ್ ಶುರು ಮಾಡಿ. ಲಿನಕ್ಸ್‌ನಲ್ಲಾದರೆ ಡಿಎನ್‌ಎಸ್‌ಮಾಸ್ಕ್.
2. ರೀಸೆಟ್ ಗುಂಡಿ ಒತ್ತಿಹಿಡಿದೇ ಪವರ್ ಕೊಡಿ. ಸರ್ವರ್ ಪರದೆಯಲ್ಲಿ ಫೈಲ್ ಹೋದದ್ದು ಕಾಣುವವರೆಗೆ, ಸುಮಾರು 15–25 ಸೆಕೆಂಡ್, ಬಿಡಬೇಡಿ.
3. ಸರ್ವರ್ ನಿಲ್ಲಿಸಿ. ಎಚ್‌ಎಪಿ ಎಸಿ ಲೈಟ್ ಆದರೆ ಕೇಬಲನ್ನು 1ನೆಯ ಪೋರ್ಟಿನಿಂದ ಕಿತ್ತು 2ನೆಯದಕ್ಕೆ ಹಾಕಿ. ಹೊಸ ಫರ್ಮ್‌ವೇರ್‌ನಲ್ಲಿ 1ನೆಯದು ಇಂಟರ್ನೆಟ್ ಕಡೆಯ ಪೋರ್ಟ್ ಆಗಿಬಿಟ್ಟಿರುತ್ತದೆ. ಹಲವರು ಸಿಕ್ಕಿಬೀಳುವುದು ಈ ಜಾಗದಲ್ಲೇ.
4. ಬ್ರೌಸರ್‌ನಲ್ಲಿ 192.168.1.1 ತೆರೆದು ಸಿಸ್‌ಅಪ್‌ಗ್ರೇಡ್ ಎಂದಿರುವ ಬಿನ್ ಫೈಲನ್ನು ಏರಿಸಿ. ಇದಕ್ಕೂ ಮೊದಲು ಓಡುತ್ತಿದ್ದದ್ದು ಬರಿಯ ಮೆಮೊರಿಯಲ್ಲಿತ್ತು, ಪವರ್ ತೆಗೆದಿದ್ದರೆ ಅಳಿಸಿಹೋಗುತ್ತಿತ್ತು.

ಯುಬಿಕ್ವಿಟಿಯ ಹಳೆಯ ಎಂ ಸರಣಿ ಇನ್ನೂ ಸುಲಭ. ರೀಸೆಟ್ ಒತ್ತಿಹಿಡಿದು ಪವರ್ ಕೊಟ್ಟರೆ ದೀಪಗಳು ಅದಲುಬದಲಾಗಿ ಮಿನುಗುತ್ತವೆ. ಆಗ 192.168.1.20ಕ್ಕೆ ಟಿಎಫ್‌ಟಿಪಿ ಎಂಬ ಫೈಲ್ ಕಳಿಸುವ ಸರಳ ವಿಧಾನದಲ್ಲಿ, ಬೈನರಿ ಮೋಡ್‌ನಲ್ಲಿ, ಫ್ಯಾಕ್ಟರಿ ಫೈಲ್ ಕಳಿಸಿ. ಫೈಲ್ ಹೋದ ಮೇಲೆ ಐದಾರು ನಿಮಿಷ ಮುಟ್ಟಬೇಡಿ. ಬರೆಯುವ ನಡುವೆ ಕರೆಂಟ್ ಹೋದರೆ ಸಾಧನ ಕೆಡಬಹುದು, ಯುಪಿಎಸ್ ಮೇಲೆ ಮಾಡುವುದು ಕ್ಷೇಮ.

ಸೆಟ್ಟಿಂಗ್

ಲ್ಯಾಪ್‌ಟಾಪ್‌ನ ಐಪಿಯನ್ನು ತಾನಾಗಿ ಪಡೆಯುವಂತೆ ಮರಳಿಸಿ, ಲೋಕಲ್‌ನೋಡ್ ಡಾಟ್ ಲೋಕಲ್ ಡಾಟ್ ಮೆಶ್ ತೆರೆಯಿರಿ. ಹೊಸ ಆವೃತ್ತಿ ಮೊದಲೇ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಹಳೆಯದರಲ್ಲಿ ರೂಟ್ ಎಂಬ ಬಳಕೆದಾರ, ಎಚ್‌ಎಸ್‌ಎಂಎಂ ಎಂಬ ಪಾಸ್‌ವರ್ಡ್, ಎಲ್ಲ ಇಂಗ್ಲಿಷ್ ಚಿಕ್ಕಕ್ಷರದಲ್ಲಿ, ಕೂಡಲೇ ಬದಲಿಸಿ. ನೋಡ್‌ನ ಹೆಸರು ಕಾಲ್‌ಸೈನ್‌ನಿಂದಲೇ (ಲೈಸೆನ್ಸಿನಲ್ಲಿ ಕೊಟ್ಟ ನಿಮ್ಮ ಗುರುತಿನ ಸಂಕೇತ) ಶುರುವಾಗಬೇಕು, ನಿಲ್ದಾಣದ ಗುರುತು ಪ್ರಸಾರವಾಗುವುದು ಆ ಹೆಸರಿನಿಂದ. ಕಾಲ್‌ಸೈನ್, ಅಡ್ಡಗೆರೆ, ಊರು, ಅಡ್ಡಗೆರೆ, ಡಿಶ್ ನೋಡುವ ದಿಕ್ಕು ಎಂದು ಇಟ್ಟರೆ ಇಪ್ಪತ್ತು ನೋಡ್ ಆದಾಗಲೂ ಗೊಂದಲವಿಲ್ಲ.

10ರಿಂದ ಶುರುವಾಗುವ ಐಪಿ ವಿಳಾಸವನ್ನು ಫರ್ಮ್‌ವೇರ್ ಸಾಧನದ ಮ್ಯಾಕ್ ವಿಳಾಸದಿಂದ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಅದನ್ನು ಮುಟ್ಟುವ ಅಗತ್ಯವಿಲ್ಲ. ಒಳಗಿನ ಜಾಲಕ್ಕೆ ಮೊದಲಿಗೆ ಐದು ಸಾಧನಗಳ ಜಾಗ ಇರುತ್ತದೆ, ಮನೆಗೆ ಅಷ್ಟು ಸಾಕು.

ಎರಡೂ ತುದಿಯಲ್ಲಿ ಚಾನೆಲ್, ಅಗಲ, ಎಸ್‌ಎಸ್‌ಐಡಿ (ರೇಡಿಯೊ ಜಾಲದ ಹೆಸರು) ಅಕ್ಷರ ತಪ್ಪದೆ ಒಂದೇ ಇರಬೇಕು. ಅಗಲ 10 ಮೆಗಾಹರ್ಟ್ಸ್ ಇಟ್ಟು ಶುರುಮಾಡುವುದು ನಮ್ಮ ಸಲಹೆ: 20ಕ್ಕೆ ಹೋಲಿಸಿದರೆ ವೇಗ ಅರ್ಧವಾಗುತ್ತದೆ, ಬದಲಿಗೆ ಎಸ್‌ಎನ್‌ಆರ್ 3 ಡಿಬಿ ಸುಧಾರಿಸುತ್ತದೆ. ದೂರದ ಸೆಟ್ಟಿಂಗ್ ನಿಮ್ಮ ಆವೃತ್ತಿಯಲ್ಲಿ ಇದ್ದರೆ ನಿಜವಾದ ದೂರಕ್ಕಿಂತ ತುಸು ಹೆಚ್ಚೇ ಕೊಡಿ. 10 ಕಿಲೋಮೀಟರ್ ಹೋಗಿಬರಲು ಅಲೆಗೆ 67 ಮೈಕ್ರೊಸೆಕೆಂಡ್ ಬೇಕು. ಅಷ್ಟರೊಳಗೆ ಉತ್ತರ ಬರಲಿಲ್ಲವೆಂದು ರೇಡಿಯೊ ಅದೇ ಪ್ಯಾಕೆಟ್ ಮತ್ತೆ ಮತ್ತೆ ಕಳಿಸಿದರೆ ಸಿಗ್ನಲ್ ಭರ್ಜರಿಯಾಗಿದ್ದೂ ವೇಗ ಇರುವುದಿಲ್ಲ.

ಗುರಿ ಹಿಡಿಯುವುದು

ಎರಡು ತುದಿಯಲ್ಲೂ ಒಬ್ಬೊಬ್ಬರು, ಪರಸ್ಪರ ಮಾತಾಡಲು ಕೈಯಲ್ಲಿ ವಿಎಚ್‌ಎಫ್ ವಾಕಿಟಾಕಿ. ಈ ಡಿಶ್‌ನ ಕಿರಣದ ಅಗಲ ಸುಮಾರು 7 ಡಿಗ್ರಿ ಮಾತ್ರ. ಮೊದಲು ದಿಕ್ಸೂಚಿಯಿಂದ ಒರಟಾಗಿ ತಿರುಗಿಸಿ, ಕಬ್ಬಿಣದ ಪೈಪಿನಿಂದ ದೂರ ನಿಂತು ದಿಕ್ಕು ನೋಡಿ. ಒಬ್ಬರು ಅಲುಗಾಡಿಸುವಾಗ ಇನ್ನೊಬ್ಬರು ಡಿಶ್ ಮುಟ್ಟಬಾರದು. ನೋಡ್‌ನ ಸಿಗ್ನಲ್ ಪುಟದಲ್ಲಿ ಏರಿಳಿತ ನೋಡುತ್ತ ಒಂದೊಂದು ಡಿಗ್ರಿ ಸರಿಸಿ, ಪ್ರತಿ ಬಾರಿ ಐದು ಸೆಕೆಂಡ್ ಕಾಯಿರಿ.

ಮೊದಲು ಸಿಕ್ಕ ಶಿಖರದಲ್ಲೇ ಬೋಲ್ಟ್ ಬಿಗಿಯಬೇಡಿ. ಡಿಶ್‌ಗೆ ಮುಖ್ಯ ಕಿರಣದ ಅಕ್ಕಪಕ್ಕ ಚಿಕ್ಕ ಕಿರಣಗಳೂ ಇರುತ್ತವೆ, ಅದರಲ್ಲಿ ಸಿಕ್ಕಿಕೊಂಡರೆ ಮೈನಸ್ 75ರ ಹತ್ತಿರ ನಿಂತು ಮುಂದೆ ಹೋಗುವುದಿಲ್ಲ. ಆಗ ಬರೆದಿಟ್ಟುಕೊಂಡ ಮೈನಸ್ 59 ಕೆಲಸಕ್ಕೆ ಬರುತ್ತದೆ. ಲೆಕ್ಕಕ್ಕೂ ಅಳತೆಗೂ 3–4 ಡಿಬಿ ವ್ಯತ್ಯಾಸ ಸಹಜ. 15 ಡಿಬಿ ಕೊರತೆ ಇದ್ದರೆ ಎಡಕ್ಕೂ ಬಲಕ್ಕೂ 15 ಡಿಗ್ರಿ ಪೂರ್ತಿ ಬೀಸಿ ನೋಡಿ, ಆಮೇಲೆ ಮೇಲೆ ಕೆಳಗೆ. ಆದರೂ ಸಿಗದಿದ್ದರೆ ನಡುವೆ ಏನೋ ಅಡ್ಡ ಇದೆ. ಪವರ್ ಏರಿಸಿ ಅದನ್ನು ಗೆಲ್ಲಲಾಗದು, ಪೈಪು ಎತ್ತರಿಸಬೇಕು.

ಕೇಬಲ್ ಕೆಳಗಿಳಿಯುವ ಮೊದಲು ಒಂದು ನೇತಾಡುವ ಬಾಗು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ. ಪೈಪಿಗೂ ಸರ್ಜ್ ಅರೆಸ್ಟರ್‌ಗೂ ಕಟ್ಟಡದ ಅದೇ ಅರ್ಥಿಂಗ್ ಕೊಡಿ. ಬೇರೆ ಬೇರೆ ಗುಂಡಿ ತೋಡಿ ಬಿಟ್ಟರೆ ಸಿಡಿಲಿನ ಹೊತ್ತಿನಲ್ಲಿ ಎರಡು ಅರ್ಥಿಂಗ್‌ಗಳ ನಡುವಿನ ವೋಲ್ಟೇಜ್ ನಿಮ್ಮ ಉಪಕರಣದ ಮೂಲಕವೇ ಹರಿಯುತ್ತದೆ.

ಮೂರನೆಯ ನೋಡ್

ಇನ್ನೊಂದು ಊರು ಸೇರುವಾಗ ಇದ್ದ ಡಿಶ್ಶನ್ನೇ ಹಂಚಬೇಡಿ. ಅದೇ ಪೈಪಿಗೆ ಎರಡನೆಯ ಡಿಶ್, ಬೇರೆ ಚಾನೆಲ್, ಎರಡನ್ನೂ ಕೇಬಲ್‌ನಿಂದ ಜೋಡಿಸಿ. ಇದಕ್ಕೆ ಡಿಟಿಡಿ ಎನ್ನುತ್ತಾರೆ, ಅಂದರೆ ಸಾಧನದಿಂದ ಸಾಧನಕ್ಕೆ. ಓಎಲ್‌ಎಸ್‌ಆರ್ ಲೆಕ್ಕದಲ್ಲಿ ಈ ಕೇಬಲ್ ಜಿಗಿತದ ಬೆಲೆ 0.1 ಮಾತ್ರ, ಗಾಳಿಯ ಸಮಯ ಹಂಚಿಹೋಗುವ ತೊಂದರೆಯೂ ತಪ್ಪುತ್ತದೆ.

ಆದರೆ ಎರಡು ನೋಡ್‌ಗಳನ್ನು ಸಾದಾ ಸ್ವಿಚ್‌ಗೆ ಸಿಕ್ಕಿಸಿದರೆ ಕೀಟಲೆ ಶುರು. ಒಂದೇ ಕೇಬಲಿನಲ್ಲಿ ಹರಿಯುವ ಬೇರೆ ಬೇರೆ ಜಾಲಗಳನ್ನು ವಿಎಲ್ಯಾನ್ ಎಂಬ ಗುರುತಿನ ಸಂಖ್ಯೆ ಬೇರ್ಪಡಿಸುತ್ತದೆ: ಡಿಟಿಡಿ ಹೋಗುವುದು ವಿಎಲ್ಯಾನ್ 2ರಲ್ಲಿ, ಇಂಟರ್ನೆಟ್ ಕಡೆಯದು ವಿಎಲ್ಯಾನ್ 1, ಒಳಗಿನ ಜಾಲಕ್ಕೆ ಯಾವ ಗುರುತೂ ಇಲ್ಲ. ಸಾದಾ ಸ್ವಿಚ್ ಎಲ್ಲವನ್ನೂ ಬೆರೆಸುವುದರಿಂದ ಎರಡೂ ನೋಡ್‌ಗಳು ಒಂದೇ ಲ್ಯಾಪ್‌ಟಾಪ್‌ಗೆ ಐಪಿ ಹಂಚಲು ಹೊರಡುತ್ತವೆ, ಕರೆಗಳು ಕಾರಣವಿಲ್ಲದೆ ಕಡಿಯುತ್ತವೆ. ವಿಎಲ್ಯಾನ್ ಹೊಂದಿಸಬಲ್ಲ ಐದು ಪೋರ್ಟಿನ ಸ್ವಿಚ್ ಬಳಸಿ. ಡಿಶ್ ಒಂದೇ ಇದ್ದರೆ ಎಚ್‌ಎಪಿ ಎಸಿ ಲೈಟ್ ಸಾಕು: ಅದರ 5ನೆಯ ಪೋರ್ಟ್ ಡಿಟಿಡಿಗೆಂದೇ ಇದೆ, ಮೇಲಿನ ಡಿಶ್‌ಗೆ ಕರೆಂಟನ್ನೂ ಅದೇ ಕೊಡುತ್ತದೆ. ಅಡಾಪ್ಟರ್‌ನದ್ದೇ ವೋಲ್ಟೇಜ್ ಮೇಲಕ್ಕೆ ಹೋಗುವುದರಿಂದ 24 ವೋಲ್ಟಿನದ್ದೇ ಇಡಿ. 2ರಿಂದ 4ರವರೆಗಿನ ಪೋರ್ಟ್‌ಗಳು ಫೋನ್, ಲ್ಯಾಪ್‌ಟಾಪ್‌ಗೆ.

ಜಾಲದ ಮೇಲೆ ಏನು ಓಡಿಸುವುದು

ಖಾಲಿ ಜಾಲ ಯಾರಿಗೂ ಉಪಯೋಗವಿಲ್ಲ. ಮೊದಲು ಹಾಕಬೇಕಾದದ್ದು ಐಪಿ ಫೋನ್. ಸರ್ವರ್ ಇಲ್ಲದೆಯೇ ಎದುರಿನ ಫೋನಿನ ವಿಳಾಸಕ್ಕೆ ನೇರ ಕರೆ ಮಾಡಬಹುದು. ಹತ್ತು ಫೋನ್ ಆದ ಮೇಲೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಆಸ್ಟರಿಸ್ಕ್ ಎಂಬ ಫೋನ್ ಎಕ್ಸ್‌ಚೇಂಜ್ ತಂತ್ರಾಂಶ ಹಾಕಿ. ಜಿ.711 ಕೋಡೆಕ್‌ನ ಒಂದು ಕರೆ ಪ್ರತಿ ದಿಕ್ಕಿಗೆ ಸುಮಾರು 87 ಕಿಲೊಬಿಟ್ ತಿನ್ನುತ್ತದೆ, ಒಳ್ಳೆಯ ಲಿಂಕಿಗೆ ಅದು ಲೆಕ್ಕಕ್ಕಿಲ್ಲ. ಜಾಲವನ್ನು ಮುಳುಗಿಸುವುದು ಕ್ಯಾಮೆರಾಗಳು. 640×480, ಸೆಕೆಂಡಿಗೆ ಐದು ಚಿತ್ರಕ್ಕೆ ಇಳಿಸಿ, ನೋಡುವಾಗ ಮಾತ್ರ ತೆರೆಯಿರಿ.

ಪ್ರತಿ ಸಾಧನಕ್ಕೂ ಐಪಿ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಕಾಯಂ ವಿಳಾಸ ಕೊಟ್ಟು, ಹೆಸರಿಗೆ ಕಾಲ್‌ಸೈನ್ ಸೇರಿಸಿ, ಆಮೇಲೆ ಸೇವೆಯಾಗಿ ಪ್ರಕಟಿಸಿ. ಬರೇ ಕ್ಯಾಮೆರಾ ಎಂದು ಹೆಸರಿಟ್ಟರೆ ಇನ್ನೊಬ್ಬರ ಕ್ಯಾಮೆರಾ ಜತೆ ಡಿಕ್ಕಿ ಹೊಡೆದು ಯಾವುದೂ ತೆರೆಯುವುದಿಲ್ಲ.

ಕರೆಂಟ್ ಹೋದಾಗ

ಜಾಲ ಬೇಕಾಗುವುದೇ ಕರೆಂಟ್ ಇಲ್ಲದ ಹೊತ್ತಿನಲ್ಲಿ. ಒಂದು ಡಿಶ್‌ಗೆ ಹೆಚ್ಚೆಂದರೆ 8 ವ್ಯಾಟ್ ಎಂದು ಹಿಡಿದರೆ ದಿನಕ್ಕೆ 192 ವ್ಯಾಟ್‌ಅವರ್. 12ರಿಂದ 24 ವೋಲ್ಟಿಗೆ ಏರಿಸುವ ಕನ್ವರ್ಟರ್‌ನ ನಷ್ಟ ಸೇರಿ 213. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದ ಲೆಡ್ ಆಸಿಡ್ ಬ್ಯಾಟರಿಯಾದರೆ ಒಂದು ದಿನಕ್ಕೆ 36 ಆಂಪಿಯರ್‌ಅವರ್, ಲಿಥಿಯಂ ಐರನ್ ಫಾಸ್ಫೇಟ್ ಆದರೆ 21. ಬೆಟ್ಟದ ನೋಡ್‌ಗೆ ಮೋಡ ಕವಿದ ಮೂರು ದಿನ ಹಿಡಿದು ಅದನ್ನು ಮೂರರಿಂದ ಗುಣಿಸಿ, ಪ್ಯಾನೆಲ್ 100 ವ್ಯಾಟ್‌ಗಿಂತ ಕಡಿಮೆ ಬೇಡ. ವರ್ಷಕ್ಕೆರಡು ಬಾರಿ, ಮುಂಗಾರಿಗೆ ಮೊದಲೊಮ್ಮೆ, ಮೇನ್ಸ್ ಕಿತ್ತು ಒಂದು ಪೂರ್ತಿ ದಿನ ಬ್ಯಾಟರಿ ಮೇಲೆ ಓಡಿಸಿ. ಆ ದಿನದ ಎಸ್‌ಎನ್‌ಆರ್, ಎಲ್‌ಕ್ಯೂ ಮತ್ತು ಸಂಜೆಯ ಬ್ಯಾಟರಿ ವೋಲ್ಟೇಜನ್ನು ನೋಡ್ ಪಕ್ಕದಲ್ಲೇ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಬಾರಿ 5 ಡಿಬಿ ಕಡಿಮೆಯಾಗಿದ್ದರೆ ಮರ ಬೆಳೆದಿದೆ, ಡಿಶ್ ತಿರುಗಿದೆ ಅಥವಾ ಕನೆಕ್ಟರ್‌ಗೆ ನೀರು ಹೊಕ್ಕಿದೆ. ಈ ಕ್ರಮದಲ್ಲೇ ಹುಡುಕಿ.